ಹದಿನೇಳು ಹಸಿರು, ಒಂದು ಕೆಂಪು

ನನ್ನ ಹೆಂಡತಿ ಜ್ಯೋತಿಲಕ್ಷ್ಮಿಯ ಪ್ರಕಾರ ನನಗೆ ಎರಡು ಕಾಯಿಲೆಗಳಿವೆ. ಒಂದು ಸಕ್ಕರೆ, ಇನ್ನೊಂದು ಪಾರ್ಲಿಮೆಂಟು. ಸಕ್ಕರೆಗೆ ಬೆಳಿಗ್ಗೆ ರಾತ್ರಿ ಮಾತ್ರೆ ಇದೆ, ಇನ್ನೊಂದಕ್ಕೆ ಯಾವ ಡಾಕ್ಟರೂ ಸಿಕ್ಕಿಲ್ಲ ಎನ್ನುತ್ತಾಳೆ.

ಅವಳ ಮಾತಿನಲ್ಲಿ ಸುಳ್ಳಿಲ್ಲ. ಮೂವತ್ತೊಂದು ವರ್ಷ ಪಿಯು ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಹೇಳಿದವನು ನಾನು. ಮಾಗಡಿಯಲ್ಲಿ ಆರು ವರ್ಷ, ಕನಕಪುರದಲ್ಲಿ ಒಂಬತ್ತು, ಉಳಿದದ್ದೆಲ್ಲ ಚನ್ನಪಟ್ಟಣದಲ್ಲಿ. ಪಾರ್ಲಿಮೆಂಟಿನ ಪರಮಾಧಿಕಾರದ ಪಾಠ ಬಂತೆಂದರೆ ನನಗೆ ಮೈಮೇಲೆ ದೇವರು ಬಂದಂತಾಗುತ್ತಿತ್ತು. ಜನ ಆರಿಸಿದ ಸಭೆಯ ಮೇಲೆ ಯಾರೂ ಇರಬಾರದು, ಇದ್ದರೆ ಅವನು ಹೊಸ ವೇಷದ ಹಳೇ ದೊರೆ ಎಂದು ಮೇಜು ಕುಟ್ಟುತ್ತಿದ್ದೆ. 1973ರಲ್ಲಿ ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಮೂರ್ತಿಗಳು ಕೂತು, ಏಳು ಜನ ಒಂದು ಕಡೆ, ಆರು ಜನ ಒಂದು ಕಡೆ ಆಗಿ, ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಮುಟ್ಟುವಂತಿಲ್ಲ ಎಂದರಲ್ಲ, ಆ ತೀರ್ಪು ನನಗೆ ಮೊದಲಿಂದಲೂ ಗಂಟಲಲ್ಲಿ ಇಳಿದಿರಲಿಲ್ಲ. "ಈ ಏಳು ಜನಕ್ಕೆ ಓಟು ಹಾಕಿದೋರು ಯಾರ್ರಪ್ಪಾ?" ಎಂದು ಕ್ಲಾಸಿನಲ್ಲಿ ಕೇಳುತ್ತಿದ್ದೆ. ಹುಡುಗರು ನಗುತ್ತಿದ್ದರು. ಹಾಜರಾತಿ ಪುಸ್ತಕ ನನ್ನ ಕೈಯಲ್ಲಿತ್ತು, ನಗದೆ ಏನು ಮಾಡುತ್ತಾರೆ.

ಎಂಟು ವರ್ಷದ ಹಿಂದೆ ನಿವೃತ್ತನಾದೆ. ಆಗ ನನ್ನ ಹಳೆಯ ವಿದ್ಯಾರ್ಥಿ ಆಫ್ತಾಬ್ ಮನೆಗೆ ಬಂದ. ಬಿಡದಿಯ ಕಾರ್ಖಾನೆಯೊಂದರಲ್ಲಿದ್ದ ಕೆಲಸ ಬಿಟ್ಟು, ತಾನು ಚಿಕ್ಕಂದಿನಲ್ಲಿ ಕಲಿತಿದ್ದ ಬೊಂಬೆ ಕೆಲಸಕ್ಕೇ ವಾಪಸಾಗಿದ್ದ. ರೈಲ್ವೆ ಗೇಟಿನಾಚೆಯ ಒಂದು ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡು ಮರದ ಬೊಂಬೆ ಕಡೆಯುವ ಹದಿನೆಂಟು ಜನ ಸೇರಿ ಸಂಘ ಮಾಡುತ್ತಾರಂತೆ, ನಿಯಮಾವಳಿ ಬರೆದುಕೊಡಬೇಕಂತೆ. ನನಗೋ, ಹಸಿದವನ ಮುಂದೆ ಎಲೆ ಹಾಕಿದಂತಾಯಿತು. ಒಂದು ವಾರ ಕೂತು ಬರೆದೆ. ಏಳನೆಯ ನಿಯಮ ಬರೆದ ದಿನ ಎರಡು ಹೋಳಿಗೆ ಹೆಚ್ಚಿಗೆ ತಿಂದೆ: "ಮಹಾಸಭೆಯ ಬಹುಮತದ ತೀರ್ಮಾನವೇ ಅಂತಿಮ. ಅದರ ಮೇಲೆ ಯಾವ ಅಧಿಕಾರವೂ ಇರತಕ್ಕದ್ದಲ್ಲ." ಅವರು ನನ್ನನ್ನು ಗೌರವ ಕಾರ್ಯದರ್ಶಿ ಮಾಡಿದರು. ಓಟಿಲ್ಲ, ಪೆನ್ನು ಮಾತ್ರ.

ಓಟು ಹೇಗೆ ಹಾಕಬೇಕು ಎನ್ನುವುದನ್ನೂ ನಾನೇ ಹುಡುಕಿದೆ. ಕೈ ಎತ್ತಿಸಿದರೆ ಮುಖದಾಕ್ಷಿಣ್ಯ, ಚೀಟಿ ಅಂದರೆ ಬರೆಯಲು ಬಾರದವರಿಗೆ ಕಷ್ಟ. ಅದಕ್ಕೇ ಮಣಿ. ಪ್ರತಿ ಸಭೆಗೂ ಅವರವರು ಒಂದು ಹಸಿರು, ಒಂದು ಕೆಂಪು ಮಣಿ ಕಡೆದು, ಅರಗಿನ ಬಣ್ಣ ಹಚ್ಚಿ ತರಬೇಕು. ಒಪ್ಪಿಗೆಗೆ ಹಸಿರು, ಇಲ್ಲ ಎನ್ನುವುದಕ್ಕೆ ಕೆಂಪು. ಬಟ್ಟೆಯ ಚೀಲದೊಳಗೆ ಕೈ ಹಾಕಿ ಒಂದನ್ನು ಬಿಡುವುದು. ಯಾರು ಯಾವುದು ಹಾಕಿದರೆಂದು ನರಪಿಳ್ಳೆಗೂ ತಿಳಿಯದು. ಈ ಗುಟ್ಟಿನ ಮತದಾನದ ವಿಷಯವನ್ನು ಮಾಗಡಿ, ಕನಕಪುರದ ನನ್ನ ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನು ಮಾಡಿ ಹೇಳಿಕೊಂಡಿದ್ದೆ.

ಹೀಗೆ ಎಂಟು ವರ್ಷ ಚೆನ್ನಾಗಿಯೇ ನಡೆಯಿತು. ಕಳೆದ ಶ್ರಾವಣದಲ್ಲಿ ಆಫ್ತಾಬ್ ಒಂದು ದೊಡ್ಡ ಆರ್ಡರು ಹಿಡಿದ. ಆಗ ಅವನೇ ಸಂಘದ ಅಧ್ಯಕ್ಷ. ಆರ್ಡರು ಮುಗಿಸಬೇಕಾದರೆ ಕಂಪ್ಯೂಟರಿನಿಂದ ನಡೆಯುವ ಒಂದು ಮಿಷಿನ್ನು ಬೇಕು. ಮಿಷಿನ್ನು ಬಂದರೆ ವಿರೂಪಾಕ್ಷಿಪುರದ ಕಡೆಯಿಂದ ಇನ್ನೂ ಎಂಟು ಜನಕ್ಕೆ ಕೆಲಸ ಕೊಡಬಹುದು. ಎಲ್ಲ ಸರಿ, ಇಡುವುದೆಲ್ಲಿ?

"ಮೇಷ್ಟ್ರೇ, ತ್ರೀ ಫೇಸ್ ಲೈನು ಕಿಟಕಿ ಗೋಡೇಲಿ ಐತೆ," ಎಂದ ಆಫ್ತಾಬ್. "ಅಲ್ಲಿ ಖಾಲಾ ಕೂತವ್ರೆ. ಬೇರೆ ಜಾಗ ಇಲ್ಲ."

ಖಾಲಾ ಅಂದರೆ ಅಕ್ಬರಿ ಬೇಗಂ. ಆಫ್ತಾಬನ ತಾಯಿಯ ತಂಗಿ, ಅವನಿಗೆ ಉಳಿ ಹಿಡಿಯುವುದನ್ನು ಕಲಿಸಿದವರು. ಆದರೆ ಶೆಡ್ಡಿನಲ್ಲಿ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರಿಗೂ ಅವರು ಖಾಲಾನೇ. ಅರವತ್ತಮೂರು ವರ್ಷ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮಕ್ಕಳ ಗಿಲಕಿ ಮಾಡುತ್ತಿದ್ದರು. ಅರಿಶಿನದ ಹಳದಿ, ನೀಲಿಯ ಮೂರು ಛಾಯೆ, ಇವನ್ನೆಲ್ಲ ಹದವಾಗಿ ಬೆರೆಸಲು ಅವರಿಗೆ ಬೆಳಗಿನ ಬಿಸಿಲು ಬೇಕು. ಕಣ್ಣು ಮಂಜಾದ ಮೇಲಂತೂ ಆ ಕಿಟಕಿಯೇ ಅವರ ಅರ್ಧ ಕಣ್ಣು. ಶೆಡ್ಡಿನ ಒಳಗಡೆಯ ಕತ್ತಲಲ್ಲಿ ಕೂರಿಸಿದರೆ ಅವರಿಂದ ಕೆಲಸ ಆಗದು. ಅವರ ಮನೆಯಲ್ಲಿ ಲೇತ್ ಇಡಲು ಜಾಗವಿಲ್ಲ, ಒಂದೇ ಕೋಣೆಯಲ್ಲಿ ಮಗ ಸಮದ್, ಸೊಸೆ, ಮೊಮ್ಮಗಳು ಸಾನಾ. ಅಂದರೆ ಕಿಟಕಿ ಹೋದರೆ ಕಸುಬು ಹೋಯಿತು. ಇದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

"ಖಾಲಾ ಹೆಸರು ಬರ್ದು ಎಬ್ಬಿಸಿದ್ರೆ ಚೆನ್ನಾಗಿರಲ್ಲ," ಎಂದ ಆಫ್ತಾಬ್. "ನೀವೇ ಏನಾದ್ರೂ ಉಪಾಯವಾಗಿ ಬರೀರಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನು ಬರೆದೆ: "ಅರವತ್ತು ವರ್ಷ ತುಂಬಿದ ಸದಸ್ಯರು ಶೆಡ್ಡಿನಲ್ಲಿನ ತಮ್ಮ ಸ್ಥಾನವನ್ನು ಸಂಘಕ್ಕೆ ಬಿಟ್ಟುಕೊಡತಕ್ಕದ್ದು. ಅವರಿಗೆ ಆಜೀವ ಗೌರವ ಸದಸ್ಯತ್ವ ನೀಡತಕ್ಕದ್ದು." ಎಲ್ಲರಿಗೂ ಅನ್ವಯಿಸುವ ಕಾನೂನು, ಅದರ ಬಲೆಗೆ ಬೀಳುವುದು ಮಾತ್ರ ಒಬ್ಬರೇ. ನನ್ನನ್ನೂ ಸರ್ಕಾರ ಅರವತ್ತಕ್ಕೆ ಕಳಿಸಲಿಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಮನೆಯಲ್ಲಿ ಓದಿ ಹೇಳಿದಾಗ ಜ್ಯೋತಿಲಕ್ಷ್ಮಿ ಒಲೆಯ ಕಡೆಯಿಂದ ತಿರುಗಲೂ ಇಲ್ಲ. "ನಿಮ್ಮನ್ನ ರಿಟೈರ್ ಮಾಡ್ದಾಗ ಮೂರು ತಿಂಗಳು ಮುಖ ಊದಿಸ್ಕೊಂಡಿದ್ರಿ. ನಿಮಗೆ ಪೆನ್ಷನ್ನಾದ್ರೂ ಬತ್ತಿತ್ತು," ಅಂದಳು. ಹೆಂಗಸರಿಗೆ ಆಡಳಿತ ತಿಳಿಯದು ಎಂದುಕೊಂಡು ಹಾಳೆ ಮಡಚಿ ಜೇಬಿಗಿಟ್ಟೆ.

ಭಾನುವಾರ ಸಭೆ ಸೇರಿತು. ನಾನು ಠರಾವು ಓದಿದೆ. ಚರ್ಚೆ ಮಾಡುವವರಿದ್ದರೆ ಮಾಡಬಹುದು ಅಂದೆ. ಅಕ್ಬರಿ ಬೇಗಂ ಕೈಯಲ್ಲಿದ್ದ ಮಣಿಗಳನ್ನೇ ನೋಡುತ್ತ ಕೂತಿದ್ದರು. ಚೀಲ ಸುತ್ತಿ ಬಂತು. ನಾನು ಸ್ಟೀಲ್ ತಟ್ಟೆಗೆ ಸುರಿದು ಎಣಿಸಿದೆ. ಹದಿನೇಳು ಹಸಿರು, ಒಂದು ಕೆಂಪು. ತಟ್ಟೆ ಎಲ್ಲರ ಎದುರಿಗೇ ಇತ್ತು. ಗೆದ್ದವರು ಸ್ವಲ್ಪವಾದರೂ ಗಲಾಟೆ ಮಾಡುತ್ತಾರೆ, ಅವತ್ತು ಒಬ್ಬರೂ ಟೀ ಕುಡಿಯಲು ನಿಲ್ಲಲಿಲ್ಲ. ಕೆಂಪು ಯಾರದೆಂದು ಊಹಿಸಲು ಏನು ಮಹಾ ಬುದ್ಧಿ ಬೇಕು ಎಂದುಕೊಂಡು, ನಡಾವಳಿ ಪುಸ್ತಕದಲ್ಲಿ ಬರೆದೆ: "ಬಾಧಿತ ಸದಸ್ಯರೊಬ್ಬರ ವಿರೋಧದ ಹೊರತಾಗಿ, ಉಳಿದ ಹದಿನೇಳು ಸದಸ್ಯರೂ ಒಪ್ಪಿ ಅಂಗೀಕರಿಸಲಾಯಿತು."

ಮುಂದಿನ ಭಾನುವಾರ ಬೀಳ್ಕೊಡುಗೆ. ಮಿಷಿನ್ನು ಬುಧವಾರ ಬರುವುದಿತ್ತು. ಆಫ್ತಾಬ್ ಶಾಲು, ಗಂಧದ ಹಾರ, ಮೈಸೂರುಪಾಕಿನ ಪೊಟ್ಟಣ ಎಲ್ಲ ತಂದಿದ್ದ. ಅಕ್ಬರಿ ಬೇಗಂ ಬೂದು ಬಣ್ಣದ ಹೊಸ ಸೀರೆ ಉಟ್ಟು ಬಂದಿದ್ದರು. ಅದನ್ನು ನೋಡಿ ನನಗೆ ಪುಸ್ತಕ ಬಿಚ್ಚುವ ಮನಸ್ಸೇ ಆಗಲಿಲ್ಲ. ಆದರೂ ಪದ್ಧತಿ ಪದ್ಧತಿಯೇ. ಮೊದಲು ಹಿಂದಿನ ಸಭೆಯ ನಡಾವಳಿ ಓದಬೇಕು, ಓದಿ "ತಿದ್ದುಪಡಿ ಇದೆಯೇ" ಎಂದು ಕೇಳಬೇಕು. ಎಂಟು ವರ್ಷದಿಂದ ಕೇಳಿದ್ದೇನೆ, ಒಂದು ದಿನವೂ ಒಬ್ಬರೂ ಉತ್ತರ ಕೊಟ್ಟಿಲ್ಲ. ಅವತ್ತೂ ಕೇಳಿ ಪುಸ್ತಕ ಮುಚ್ಚುತ್ತಿದ್ದೆ.

"ಐತೆ," ಅಂದರು ಅಕ್ಬರಿ ಬೇಗಂ. "ತಪ್ಪು ಬರ್ದಿದೀರಾ ಮೇಷ್ಟ್ರೇ. ಕೆಂಪು ನಂದಲ್ಲ."

"ಖಾಲಾ, ಅದು ಗುಟ್ಟಿನ ಮತ. ಯಾರದ್ದು ಅಂತ ಹೇಳಬಾರದು."

"ಯಾರ್ಗೆ ಗುಟ್ಟು?"

ನಡಾವಳಿ ಒಪ್ಪಿಗೆಯಾಗುವ ತನಕ ಮಣಿಗಳನ್ನು ಡಬ್ಬಿಯಲ್ಲಿಡುವುದು ನಾನೇ ಮಾಡಿದ ನಿಯಮ. ಅವರು ಎದ್ದು ಬಂದು ಡಬ್ಬಿ ತೆಗೆದರು. ಒಂದೊಂದೇ ಮಣಿಯನ್ನು ಬೆರಳ ತುದಿಯಲ್ಲಿ ತಿರುಗಿಸಿ, ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇದು ಮುನಿಶಾಮಯ್ಯಂದು, ತೂತು ಯಾವಾಗ್ಲೂ ದಪ್ಪ. ಇದು ಸಫೂರಾದು, ಅರಗು ಎರಡು ಸಲ ಹಚ್ತಾಳೆ, ಬ್ಯಾಡ ಅಂದ್ರೂ ಕೇಳಲ್ಲ. ಇದು ಆಫ್ತಾಬ್‌ದು. ಕಲ್ಸಿ ಇಪ್ಪತ್ತು ವರ್ಷ ಆಯ್ತು, ಇವತ್ತಿಗೂ ಇವನ ಮಣಿ ಎಡಕ್ಕೆ ವಾಲ್ತದೆ." ಆಫ್ತಾಬ್ ತಲೆ ತಗ್ಗಿಸಿದ. "ಇದು ನಂದು," ಎಂದು ಇನ್ನೊಂದನ್ನು ನನ್ನ ಅಂಗೈಯಲ್ಲಿ ಇಟ್ಟರು. ಎಲ್ಲೂ ಒಂದು ಗೆರೆಯಿಲ್ಲದ, ಪೂರ್ತಿ ದುಂಡಗಿನ ಮಣಿ. ಹಸಿರು.

ನಾನು ಸಭೆಯ ಮುಖ ನೋಡಿದೆ. ಒಬ್ಬರಿಗೂ ಆಶ್ಚರ್ಯವಾಗಿರಲಿಲ್ಲ. ಆಗ ನನಗೆ ತಿಳಿಯಿತು. ದಿನಕ್ಕೆ ಹತ್ತು ಗಂಟೆ ಒಬ್ಬರ ಪಕ್ಕ ಒಬ್ಬರು ಕೂತು ಕಡೆಯುವವರಿಗೆ ಯಾವ ಮಣಿ ಯಾರ ಕೈಯದು ಎಂದು ಗೊತ್ತಿರದೆ ಇರುತ್ತದೆಯೇ? ಎಂಟು ವರ್ಷದಿಂದ ಆ ಮತದಾನ ನನಗೊಬ್ಬನಿಗೇ ಗುಟ್ಟಾಗಿತ್ತು. ಹೋದ ಭಾನುವಾರ ತಟ್ಟೆಯಲ್ಲಿ ಅವರ ಹಸಿರು ಮಣಿಯನ್ನು ಎಲ್ಲರೂ ನೋಡಿದ್ದರು. ನೋಡಿಯೇ ಟೀ ಕುಡಿಯದೆ ಹೋಗಿದ್ದರು.

"ನಿಮ್ಮ ಸೀಟು ಹೋಗೋದಕ್ಕೆ ನೀವೇ ಯಾಕೆ ಹಸಿರು ಹಾಕಿದಿರಿ ಖಾಲಾ?"

"ಕೆಂಪು ಹಾಕಿದ್ರೆ ಎಲ್ರಿಗೂ ಗೊತ್ತಾಗ್ತಿತ್ತಲ್ಲ. ಈ ಮಕ್ಕಳ ಮುಂದೆ ನನ್ನ ಜಾಗ ನಾನೇ ಬೇಡ್ಕೊಂಡಂಗೆ ಆಗ್ತಿತ್ತು. ಬ್ಯಾಡ ಅಂತ ಹಸಿರು ಹಾಕ್ದೆ. ಸುಳ್ಳು ಬರ್ದಿದ್ರಲ್ಲ, ಅದುಕ್ಕೆ ಹೇಳ್ದೆ. ನಾನು ಯಾರ್ಗೂ ವಿರೋಧ ಅಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

"ಹಂಗಾದ್ರೆ ಕೆಂಪು ಯಾರ್ದು?" ಎಂದು ಆಫ್ತಾಬ್ ಕೇಳಿದ. ಅವನಿಗೆ ಗೊತ್ತಿತ್ತು, ಹಾಕಿದವನ ಬಾಯಲ್ಲೇ ಬರಲಿ ಎಂದು ಕೇಳಿದ.

"ನಂದೇ ಕಣ್ಲಾ," ಎಂದ ಲಕ್ಷ್ಮಯ್ಯ.

ಇದು ಮಾತ್ರ ನಾನು ಕನಸಿನಲ್ಲೂ ಎಣಿಸದ ಮಾತು. ಲಕ್ಷ್ಮಯ್ಯನ ಲೇತ್ ಅಕ್ಬರಿ ಬೇಗಂ ಅವರ ಪಕ್ಕದ್ದು. ಮರದ ಹೊಟ್ಟು ಈ ಕಡೆ ಹಾರಿತು, ಅರಿಶಿನದ ಪುಡಿ ಆ ಕಡೆ ಹಾರಿತು ಎಂದು ಇಬ್ಬರೂ ಜಗಳವಾಡದ ದಿನವಿರಲಿಲ್ಲ.

"ನಿಂಗೆ ಈಗ ಐವತ್ತೆಂಟಲ್ವಾ," ಎಂದ ಆಫ್ತಾಬ್. "ನಿನ್ನ ಸೀಟು ಉಳಿಸ್ಕೊಳಕ್ಕೆ ಹಾಕಿದೀಯ."

"ಹೂಂ, ಐವತ್ತೆಂಟು. ಹೆದರ್ಕಂಡೇ ಹಾಕ್ದೆ. ಹೆದರ್ಕಳದೂ ತಪ್ಪಾ? ಇವತ್ತು ವಯಸ್ಸಾದೋರು ಏಳಿ ಅಂದ್ರಿ. ನಾಳೆ ಜಗಳಗಂಟ್ರು ಏಳಿ ಅಂತೀರಾ, ಹದಿನೇಳು ಹಸ್ರು ಬೀಳ್ತವೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜನ ನಾವು."

ನಾನು ಎದ್ದು ನಿಂತೆ. "ತಪ್ಪು ನಂದು," ಅಂದೆ. "ಈ ಠರಾವು ಬರೆದದ್ದು ನಾನು. ಏಳನೇ ನಿಯಮ ಬರೆದದ್ದೂ ನಾನು. ಒಬ್ಬರ ಹೊಟ್ಟೆಪಾಡನ್ನ ಓಟಿಗೆ ಹಾಕಬಾರದಿತ್ತು. ಇದನ್ನ ರದ್ದು ಮಾಡಿ."

ಆಫ್ತಾಬ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಿಧಾನವಾಗಿ, ನನ್ನ ಪಾಠವನ್ನೇ ನನಗೆ ಒಪ್ಪಿಸಿದ. "ಸಭೆ ಮೇಲೆ ಯಾರೂ ಇರಬಾರ್ದು ಅಂದೋರು ನೀವು ಮೇಷ್ಟ್ರೇ. ಫಸ್ಟ್ ಪಿಯುಸೀಲಿ ಮೇಜು ಕುಟ್ಟಿ ಹೇಳಿದ್ರಿ. ಹದಿನೇಳು ಜನ ಒಪ್ಪಿದ್ದು ಈಗ ನಿಮಗೊಬ್ರಿಗೆ ಹಿಡಿಸ್ಲಿಲ್ಲ ಅಂತ ರದ್ದಾ? ನಿಮಗೆ ಓಟು ಹಾಕಿದೋರು ಯಾರು?"

ಯಾರೂ ನಗಲಿಲ್ಲ. ಅವನು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಎಂಟು ಮನೆಯ ಅನ್ನದ ಲೆಕ್ಕವೂ ಅವನ ಬೆನ್ನಿಗಿತ್ತು. ಉತ್ತರ ಬಂದದ್ದು ಅಕ್ಬರಿ ಬೇಗಂ ಅವರಿಂದ. ಅವರು ಯಾರನ್ನೂ ಉದ್ದೇಶಿಸದೆ, ಮೇಜಿನ ಮೇಲಿನ ಮಣಿಗಳನ್ನು ಮತ್ತೆ ಡಬ್ಬಿಗೆ ಹಾಕುತ್ತ ಹೇಳಿದರು.

"ಸಂಘ ಬರಾಕೆ ಮುಂಚೆ ಇಲ್ಲಿ ನಾಲ್ಕು ಲೇತ್ ಇತ್ತು. ನಮ್ಮ ಯಜಮಾನ್ರದು ಒಂದು, ನಂದು ಒಂದು, ಇನ್ನೆರಡು ತೀರ್ಕೊಂಡೋರ್ದು. ಕೂತಿದ್ದೋರು ಇನ್ನೊಬ್ರನ್ನ ಕರೆದ್ರು, ಅವ್ರು ಮತ್ತೊಬ್ರನ್ನ ಕರೆದ್ರು. ಆಮೇಲೆ ಎಲ್ರೂ ಸೇರಿ ಸಂಘ ಅಂದ್ರು. ಸಂಘ ನಮ್ಮನ್ನ ಕೂರಿಸ್ಲಿಲ್ಲ. ಕೂತಿದ್ದೋರು ಸಂಘ ಮಾಡಿದ್ದು." ಡಬ್ಬಿಯ ಮುಚ್ಚಳ ಹಾಕಿ ಅಂದರು: "ಮನೇಲಿ ನಾನು ಸಮದನ ಅಮ್ಮಿ, ಸಾನಾಳ ದಾದಿಮಾ. ಇಲ್ಲಿ ಕೂತಾಗ ಮಾತ್ರ ಅಕ್ಬರಿ ಬೇಗಂ."

ಏಳು ಜನ ನ್ಯಾಯಮೂರ್ತಿಗಳು ನೂರಾರು ಪುಟ ಬರೆದು ನನಗೆ ತಿಳಿಸಲಾಗದ ವಿಷಯವನ್ನು ಆ ಹೆಂಗಸು ಎರಡು ಮಾತಿನಲ್ಲಿ ತಿಳಿಸಿದರು. ಸಭೆ ದೊಡ್ಡದು, ನಿಜ. ಆದರೆ ಯಾವುದರ ಮೇಲೆ ಸಭೆ ನಿಂತಿದೆಯೋ ಅದನ್ನೇ ಅಗೆಯಲು ಸಭೆಗೆ ಅಧಿಕಾರ ಎಲ್ಲಿಂದ ಬರಬೇಕು?

"ಆಫ್ತಾಬ್, ನೀನು ಕೇಳಿದ್ದು ಸರಿ," ಅಂದೆ. "ಸಭೆ ಮೇಲೆ ನಾನಿರಬಾರದು. ಯಾರೂ ಇರಬಾರದು. ಆದರೆ ಒಂದು ಸಾಲು ಇರಬಹುದು. ಆಸೆ, ಅವಸರ ಇಲ್ಲದ ದಿನ ನೀವೇ ಕೂತು ಬರೆದುಕೊಂಡ ಸಾಲು. ಕೂತು ದುಡಿಯುವವರ ಜಾಗವನ್ನ ಓಟು ಹಾಕಿ ಕಿತ್ತುಕೊಳ್ಳಬಾರದು. ಅವರನ್ನೇ ಕೇಳಬೇಕು, ಅವರೇ ಬಾಯಿಬಿಟ್ಟು ಕೊಡಬೇಕು. ಈ ಸಾಲು ಅಳಿಸಬೇಕಾದರೆ ಹದಿನೆಂಟೂ ಮಣಿ ಹಸಿರಾಗಬೇಕು."

"ಒಂದು ಕೆಂಪು ಬಿದ್ರೂ ಅಳ್ಸಂಗಿಲ್ವಾ?" ಎಂದು ಲಕ್ಷ್ಮಯ್ಯ ಕೇಳಿದ.

"ಅಳಿಸುವ ಹಾಗಿಲ್ಲ."

"ಇವತ್ತು ಅವಸರ ಇಲ್ಲದ ದಿನ ಅಲ್ಲ ಮೇಷ್ಟ್ರೇ, ಬುಧವಾರ ಮಿಷಿನ್ ಬತ್ತೈತೆ," ಎಂದ ಆಫ್ತಾಬ್. ಅದೂ ನಿಜವೇ ಆಗಿತ್ತು. ಆದರೂ ಅಧ್ಯಕ್ಷನಾಗಿ ಚೀಲವನ್ನು ಅವನೇ ತೆಗೆದು ಒಂದು ಸುತ್ತು ಕಳಿಸಿದ. ಹುಡುಗನಲ್ಲಿ ನನಗಿರುವ ಅಭಿಮಾನಕ್ಕೆ ಅದೂ ಒಂದು ಕಾರಣ.

ಈ ಸಲ ಯಾರೂ ಕೈ ಮುಚ್ಚಿಕೊಂಡು ಹಾಕಲಿಲ್ಲ. ಮುಚ್ಚಿಕೊಂಡು ಏನು ಪ್ರಯೋಜನ. ಹತ್ತು ಹಸಿರು, ಎಂಟು ಕೆಂಪು. ಏಳು-ಆರರ ತೀರ್ಪನ್ನು ಮೂವತ್ತೊಂದು ವರ್ಷ ಗೇಲಿ ಮಾಡಿದವನಿಗೆ ಅವತ್ತು ಹತ್ತು-ಎಂಟು ಭಾರೀ ಬಹುಮತದ ಹಾಗೆ ಕಂಡಿತು. ನಾನು ಹೊಸ ಸಾಲನ್ನು ಪುಸ್ತಕದಲ್ಲಿ ಬರೆದೆ. ಹೋದ ವಾರದ ಠರಾವಿನ ಮೇಲೆ ಅಡ್ಡಗೆರೆ ಎಳೆದೆ. ಎಂಟು ಕೆಂಪಿನವರೂ ಬಂದು ಸಹಿ ಹಾಕಿದರು, ಆಫ್ತಾಬ್ ಎಲ್ಲರಿಗಿಂತ ಮೊದಲು ಹಾಕಿದ.

ಸಹಿ ಹಾಕಿ, ಪೆನ್ನಿನ ಕ್ಯಾಪು ಮುಚ್ಚಿ, ಅವನು ತನ್ನ ಖಾಲಾ ಮುಂದೆ ಬಂದು ನೆಲದ ಮೇಲೆ ಕೂತ. "ಈಗ ಕೇಳ್ತಾ ಇದೀನಿ ಖಾಲಾ. ಮುಂಚೇನೇ ಕೇಳ್ಬೇಕಿತ್ತು, ಕೇಳ್ಲಿಲ್ಲ. ಮಿಷಿನ್ ಇಡಕ್ಕೆ ಜಾಗ ಬೇಕು. ನಿಮ್ಮ ಸೀಟು ಬುಟ್ಕೊಡ್ತೀರಾ?"

ಕೊಡುತ್ತಾರೆ ಎಂದೇ ಎಲ್ಲರೂ ತಿಳಿದರು. ನಾನೂ ಹಾಗೆಯೇ ತಿಳಿದೆ. ಊಟದ ಡಬ್ಬಿಯಲ್ಲಿದ್ದ ಕೊನೆಯ ತುತ್ತನ್ನು ಪಕ್ಕದವರಿಗೆ ತಳ್ಳುವ ಹೆಂಗಸು, ಯಾರ ಮನಸ್ಸೂ ನೋಯಬಾರದೆಂದು ತನ್ನ ವಿರುದ್ಧ ತಾನೇ ಹಸಿರು ಮಣಿ ಹಾಕಿದವರು, ಕಣ್ಣೆದುರು ಕೂತು ಕೇಳುವ ಅಕ್ಕನ ಮಗನಿಗೆ ಇಲ್ಲ ಎನ್ನುತ್ತಾರೆಯೇ. ಮುನಿಶಾಮಯ್ಯ ಆಗಲೇ ಕಿಟಕಿಯ ಗೋಡೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದ. ಕೊನೆಗೆ ಇಷ್ಟಕ್ಕೇ ಇಷ್ಟೆಲ್ಲ ಆಯಿತೇ ಎಂದು ನನಗೂ ಒಳಗೊಳಗೆ ಅನ್ನಿಸತೊಡಗಿತು.

ಅಕ್ಬರಿ ಬೇಗಂ ಆಫ್ತಾಬನ ತಲೆಯ ಮೇಲೆ ಕೈಯಿಟ್ಟರು. ತುಟಿ ಅಲ್ಲಾಡಿದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ.

"ಏನಂದ್ರು?" ಎಂದು ಹಿಂದಿನಿಂದ ಯಾರೋ ಕೇಳಿದರು.

ಲಕ್ಷ್ಮಯ್ಯ ತಿರುಗಿ ಹೇಳಿದ: "ಬುಡಲ್ವಂತೆ."

ಆ ಮಾತಿನಿಂದ ಮುಂದೆ ಏನೇನಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಉಗ್ರಾಣದ ಗೋಡೆ ಒಡೆದು ಲೈನು ಎಳೆಸಿ ಮಿಷಿನ್ನು ಕೂರಿಸಲು ಆರು ವಾರ ಹಿಡಿಯಿತು, ಅರ್ಧ ಆರ್ಡರು ಬೇರೆಯವರ ಪಾಲಾಯಿತು, ಎಂಟು ಜನಕ್ಕೆ ಬದಲು ಮೂರೇ ಜನಕ್ಕೆ ಕೆಲಸ ಸಿಕ್ಕಿತು. ಕೆಲಸ ಸಿಗದ ಐದು ಜನರ ಮುಖವೂ ನನಗೆ ಗೊತ್ತು, ಸಂತೆಯಲ್ಲಿ ಸಿಕ್ಕಿದರೆ ಮಾತಾಡಿಸುತ್ತೇನೆ, ಅವರಲ್ಲಿ ಇಬ್ಬರು ಉತ್ತರ ಕೊಡುವುದಿಲ್ಲ. ಅದು ಸುಳ್ಳು ನೋವಲ್ಲ. ಆದರೆ ಅವತ್ತು ಆ ಹೊತ್ತಿನಲ್ಲಿ ಇದ್ಯಾವುದೂ ನನ್ನ ತಲೆಯಲ್ಲಿ ಇರಲಿಲ್ಲ. ನಾನು ಆ ಹೆಂಗಸಿನ ಮುಖವನ್ನಷ್ಟೇ ನೋಡುತ್ತಿದ್ದೆ.

ತನ್ನ ಮಾತಿಗೆ ತಾನೇ ಬೆದರಿದವರಂತೆ ಅವರು ಸುತ್ತ ನೋಡಿದರು. ಯಾರೂ ಬಯ್ಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಆಫ್ತಾಬ್ ಅವರ ಕೈ ತಲೆಯ ಮೇಲೇ ಇರಲಿ ಎಂಬಂತೆ ಅಲ್ಲಾಡದೆ ಕೂತಿದ್ದ. ಅರವತ್ತಮೂರು ವರ್ಷ ಎಲ್ಲದಕ್ಕೂ ಆಯಿತು ಎಂದವರು, ಈ ಸಲ ಇಡೀ ಶೆಡ್ಡಿಗೆ ಕೇಳುವ ಹಾಗೆ ಹೇಳಿದರು.

"ಇಲ್ಲ ಬೇಟಾ. ಬುಡಲ್ಲ."